ದುರ್ಗದ ಬೇಸಿಗೆಯಲ್ಲಿ ಒಂದು ಪ್ರೇಮಚಿತ್ರ

ಚಿತ್ರದುರ್ಗದಲ್ಲಿ ಪ್ರೇಮಕಥೆಯೊಂದನ್ನು ಚಿತ್ರೀಕರಿಸುತ್ತಿದ್ದೇವೆ ಎಂದು ಹೇಳಿದಾಗ ಊರಿನವರು ಕೇಳುತ್ತಿದ್ದ ಮೊದಲ ಪ್ರಶ್ನೆ, ಕೋಟೆಯ ಯಾವ ಜಾಗದಲ್ಲಿ ಎಂಬುದೇ ಆಗಿತ್ತು. ಅದು ಸಹಜವೇ. ಪುಟ್ಟಣ್ಣ ಕಣಗಾಲ್ ನಿರ್ದೇಶನದ ‘ನಾಗರಹಾವು’ 1972ರಲ್ಲಿ ತೆರೆಕಂಡಾಗಿನಿಂದ ದುರ್ಗದ ಬಂಡೆಗಳು ಕನ್ನಡ ಪ್ರೇಕ್ಷಕರ ಪಾಲಿಗೆ ರಾಮಾಚಾರಿಯವೇ ಆಗಿಬಿಟ್ಟಿವೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದ ಆ ಚಿತ್ರದಲ್ಲಿ ಸಿಟ್ಟಿದೆ, ಹಟವಿದೆ, ಗುರುಭಕ್ತಿಯಿದೆ. ಆದರೆ ನಮ್ಮ ಹಿರಿಯರು ಅದನ್ನು ನೆನೆಯುವಾಗ ಧ್ವನಿ ಮೃದುವಾಗುವುದು ಅಲಮೇಲುವಿನ ಮಾತು ಬಂದಾಗ. 2018ರಲ್ಲಿ ಆ ಚಿತ್ರ ಹೊಸ ತಂತ್ರಜ್ಞಾನದ ಹೊಳಪಿನೊಂದಿಗೆ ಮತ್ತೆ ಬಿಡುಗಡೆಯಾದಾಗ, ತಮ್ಮ ತಂದೆ ಶಾಲೆಗೆ ಸೇರುವ ಮೊದಲೇ ತೆಗೆದ ಆ ಮೊದಲ ಪ್ರೇಮದ ದೃಶ್ಯಗಳನ್ನು ಇಂದಿನ ಹುಡುಗರು ಉಸಿರು ಬಿಗಿಹಿಡಿದು ನೋಡಿದ್ದನ್ನು ನಾನು ಕಂಡಿದ್ದೇನೆ. ಹವ್ಯಾಸಿ ರಂಗತಂಡಗಳಿಗೆ ನಾಟಕ ಬರೆದುಕೊಡುತ್ತಿದ್ದ ನನಗೆ, ಇದೇ ಊರಿನಲ್ಲಿ, ಆದರೆ ಕೋಟೆಯಿಲ್ಲದೆ, ಹಾಡಿಲ್ಲದೆ, ಒಂದು ಬೇಸಿಗೆಯ ಹಂಬಲವನ್ನು ಮಾತ್ರ ಇಟ್ಟುಕೊಂಡು ಅರ್ಧ ಗಂಟೆಯೊಳಗಿನ ಒಂದು ಚಿತ್ರ ಮಾಡಬೇಕೆಂಬ ಆಸೆ ಅಂದಿನಿಂದಲೇ ಇತ್ತು.

ಕಥೆ ಬಹಳ ಸಣ್ಣದು. ಪದವಿಯ ಕೊನೆಯ ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ಕಾಯುತ್ತಿರುವ ಹುಡುಗನೊಬ್ಬನಿದ್ದಾನೆ. ಓಣಿಯಾಚೆಯ ಮನೆಯ ಅಜ್ಜಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ನೋಡಿಕೊಳ್ಳಲು ಹುಬ್ಬಳ್ಳಿಯಿಂದ ಮೊಮ್ಮಗಳು ಬಂದಿದ್ದಾಳೆ. ಪೊರೆ ತೆಗೆದ ಮೇಲೆ ಹಾಕುವ ಕಣ್ಣಿನ ಹನಿಗಳಿಗೆ ಒಂದು ಕ್ರಮವಿರುತ್ತದೆ. ಮೊದಲ ವಾರ ದಿನಕ್ಕೆ ಆರು ಬಾರಿ, ಮುಂದಿನ ವಾರ ಐದು, ಆಮೇಲೆ ನಾಲ್ಕು, ಹೀಗೆ ಇಳಿಯುತ್ತ ಬಂದು ಒಂದು ದಿನ ಸೀಸೆಯನ್ನು ಎತ್ತಿಡುವುದು ಸಾಮಾನ್ಯವಾಗಿ ವೈದ್ಯರು ಹೇಳುವ ರೀತಿ. ನಮ್ಮ ಮನೆಯಲ್ಲಿ ಹಿರಿಯರೊಬ್ಬರಿಗೆ ಹೀಗೆ ಹನಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದ್ದಾಗ ಈ ಇಳಿಕೆಯ ಲೆಕ್ಕವೇ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಪ್ರೇಮಚಿತ್ರಕ್ಕೆ ಒಂದು ಗಡುವು ಬೇಕು. ಬೇಸಿಗೆ ರಜೆ ಮುಗಿಯುತ್ತದೆ ಎಂದು ಬಾಯಲ್ಲಿ ಹೇಳಿಸಿದರೆ ಅದು ಮಾಹಿತಿಯಾಗುತ್ತದೆಯೇ ಹೊರತು ನೋವಾಗುವುದಿಲ್ಲ. ಅಜ್ಜಿಯ ಕಣ್ಣಿಗೆ ಬೀಳುವ ಹನಿಗಳು ಕಡಿಮೆಯಾಗುತ್ತ ಹೋದಂತೆ ಹುಡುಗಿ ಊರು ಬಿಡುವ ದಿನ ಹತ್ತಿರವಾಗುತ್ತಿದೆ ಎಂಬುದು ನೋಡುವವರಿಗೆ ತಾನಾಗಿ ತಿಳಿಯಬೇಕು, ಅಜ್ಜಿಯ ಕಣ್ಣು ತಿಳಿಯಾಗಲಿ ಎಂದು ಹಾರೈಸುವ ಹುಡುಗನೇ ಅದು ಇಷ್ಟು ಬೇಗ ತಿಳಿಯಾಗದಿರಲಿ ಎಂದೂ ಒಳಗೊಳಗೆ ಬೇಡಿಕೊಳ್ಳುವ ಸ್ಥಿತಿಗೆ ಬರಬೇಕು ಎಂಬುದು ನನ್ನ ಯೋಚನೆಯಾಗಿತ್ತು.

ಇಬ್ಬರೂ ಇಪ್ಪತ್ತರ ಆಸುಪಾಸಿನವರು. ಅವರು ಚಿತ್ರದಲ್ಲಿ ಎಲ್ಲಿಯೂ ಪ್ರೀತಿಯ ಮಾತು ಆಡುವುದಿಲ್ಲ, ಕೈ ಹಿಡಿಯುವುದಿಲ್ಲ. ನಮ್ಮ ಕಡೆಯ ಓಣಿಗಳಲ್ಲಿ ಮೊದಲ ಪ್ರೇಮ ನಡೆಯುವುದೇ ಹಾಗೆ. ಮಾಳಿಗೆಯಿಂದ ಮಾಳಿಗೆಗೆ, ನೋಟದಿಂದ ನೋಟಕ್ಕೆ, ಯಾರಾದರೂ ಕೇಳಿದರೆ ತೋರಿಸಲು ಒಂದು ಕೆಲಸವನ್ನು ಕೈಯಲ್ಲಿ ಇಟ್ಟುಕೊಂಡು. ಹುಡುಗನ ಕೈಯಲ್ಲಿ ನಾವಿಟ್ಟ ಕೆಲಸ ಸಂಡಿಗೆ ಕಾಯುವುದು. ಬಿಸಿಲಿಗೆ ಹರವಿದ ಅಕ್ಕಿ ಸಂಡಿಗೆಗೆ ಕಾಗೆ ಬಾಯಿ ಹಾಕದಂತೆ ಕೋಲು ಹಿಡಿದು ಕೂರುವ ಕೆಲಸವನ್ನು ಬೆಳೆದ ಹುಡುಗರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮೊದಲ ದಿನ ಗೊಣಗುತ್ತ ಮಾಳಿಗೆ ಹತ್ತಿದವನು ಮೂರನೆಯ ದಿನ ತಾಯಿ ಕರೆಯುವ ಮೊದಲೇ ಚಾಪೆ ಹಾಸುತ್ತಾನೆ. ಕಥೆಯಲ್ಲಿ ಪ್ರೇಮದ ಆರಂಭವನ್ನು ಹೇಳಿದ್ದು ಅಷ್ಟರಿಂದಲೇ.

ಜಾಗ ಹುಡುಕುವ ಹಂತದಲ್ಲಿ ಕೋಟೆಯನ್ನು ಬಿಟ್ಟೆವು. ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಅಲ್ಲಿ ಸಿನಿಮಾ ತೆಗೆಯಬೇಕಾದರೆ 1958ರ ಕಾಯ್ದೆ ಮತ್ತು 1959ರ ನಿಯಮಗಳ ಪ್ರಕಾರ ಮೊದಲೇ ಅರ್ಜಿ ಸಲ್ಲಿಸಿ, ಶುಲ್ಕ ಕಟ್ಟಿ ಅನುಮತಿ ಪಡೆಯಬೇಕು. ಜೋಗಿಮಟ್ಟಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಇವು ನ್ಯಾಯವಾದ ನಿಯಮಗಳೇ. ಆದರೆ ನಾವು ಕೋಟೆಯನ್ನು ಬಿಟ್ಟದ್ದು ಅದಕ್ಕಾಗಿ ಮಾತ್ರವಲ್ಲ. ಓಬವ್ವನ ಕಿಂಡಿ, ತುಪ್ಪದ ಕೊಳ, ಅಕ್ಕ-ತಂಗಿಯರ ಹೊಂಡ, ಇವುಗಳಲ್ಲಿ ಯಾವುದನ್ನು ಚೌಕಟ್ಟಿನೊಳಗೆ ತಂದರೂ ಅದು ತನ್ನ ಕಥೆಯನ್ನೇ ಹೇಳತೊಡಗುತ್ತದೆ; ನಮ್ಮ ಇಬ್ಬರು ಮಕ್ಕಳ ಅಳುಕಿನ ಕಥೆಗೆ ಅಲ್ಲಿ ಜಾಗ ಉಳಿಯುವುದಿಲ್ಲ. ಕೋಟೆಯ ಬುಡದ ಹಳೆಯ ಓಣಿಯೊಂದರಲ್ಲಿ ಎದುರುಬದುರಾದ ಎರಡು ಮನೆಗಳು ಸಿಕ್ಕವು. ಮಾಳಿಗೆಗಳ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಅಂತರ. ಎರಡೂ ಮನೆಗಳವರು ಸಂತೋಷದಿಂದ ಒಪ್ಪಿದರು. ಅವರ ಋಣ ದೊಡ್ಡದು.

ಆ ಎರಡು ಮಾಳಿಗೆಗಳ ದಿಕ್ಕು ನಮ್ಮ ಚಿತ್ರದ ಅರ್ಧ ನಿರ್ಧಾರಗಳನ್ನು ತಾನೇ ಮಾಡಿತು. ಕೋಟೆಯ ಬೆಟ್ಟ ಊರಿನ ಪಶ್ಚಿಮಕ್ಕಿದೆ. ಹುಡುಗಿಯ ಮಾಳಿಗೆ ಪಶ್ಚಿಮದ ಕಡೆಯದು, ಹುಡುಗನದು ಪೂರ್ವದ ಕಡೆಯದು. ಹಾಗಾಗಿ ಅವಳನ್ನು ಅವನು ನೋಡುವಾಗಲೆಲ್ಲ ಅವಳ ಬೆನ್ನ ಹಿಂದೆ ಬೆಟ್ಟ ಬರುತ್ತದೆ. ಅವನನ್ನು ಅವಳು ನೋಡುವಾಗ ಕಾಣುವುದು ಊರು, ನೀರಿನ ತೊಟ್ಟಿಗಳು, ಬಟ್ಟೆ ಒಣಹಾಕಿದ ತಂತಿಗಳು. ಬೆಳಗಿನ ಹೊತ್ತು ಸೂರ್ಯನ ಬೆಳಕು ನೇರವಾಗಿ ಹುಡುಗಿಯ ಮುಖಕ್ಕೆ ಬೀಳುತ್ತದೆ, ಹುಡುಗ ಬೆಳಕಿಗೆ ಬೆನ್ನು ಹಾಕಿರುತ್ತಾನೆ. ಸಂಜೆ ಇದು ತಿರುಗುಮುರುಗು. ಛಾಯಾಗ್ರಾಹಕ ಗೆಳೆಯನಿಗೆ ಇದು ಮೊದಲ ದಿನವೇ ಕಂಡಿತು. ಆತ ದಾವಣಗೆರೆಯಲ್ಲಿ ಮದುವೆಗಳನ್ನು ಚಿತ್ರೀಕರಿಸುವವನು. ಮುಖದ ಮೇಲಿನ ಬೆಳಕನ್ನು ಕ್ಷಣದಲ್ಲಿ ಅಳೆಯುವ ಕಣ್ಣು ಅವನದು. ನಾವಿಬ್ಬರೂ ಕುಳಿತು ಚಿತ್ರಕಥೆಯನ್ನು ಇದಕ್ಕೆ ತಕ್ಕಂತೆ ಹೊಂದಿಸಿಕೊಂಡೆವು: ಬೆಳಗಿನ ದೃಶ್ಯಗಳೆಲ್ಲ ಹುಡುಗಿಯ ಮನಸ್ಸಿನವು, ಸಂಜೆಯವೆಲ್ಲ ಹುಡುಗನವು. ಅವಳ ಮುಖ ಸ್ಪಷ್ಟವಾಗಿ ಕಾಣುವ ಹೊತ್ತಿನಲ್ಲಿ ಅವನು ಬರಿಯ ಆಕೃತಿ. ಅವನ ಮುಖ ಹೊನ್ನಿನ ಬೆಳಕಿನಲ್ಲಿ ತೆರೆದುಕೊಳ್ಳುವ ಹೊತ್ತಿಗೆ ಅವಳು ಬೆಟ್ಟದ ಕಪ್ಪಿನಲ್ಲಿ ಕರಗುತ್ತಿರುತ್ತಾಳೆ. ಇಬ್ಬರನ್ನೂ ಒಮ್ಮೆಗೇ ಪೂರ್ತಿ ಕಾಣುವ ಹೊತ್ತು ಆ ಓಣಿಯಲ್ಲಿ ದಿನದ ಯಾವ ಗಳಿಗೆಯಲ್ಲೂ ಇಲ್ಲ ಎಂಬುದು ನಮ್ಮ ಕಥೆಗೆ ಎಷ್ಟು ಹೊಂದಿಕೆಯಾಯಿತೆಂದರೆ, ಅದನ್ನು ನಾವು ಹುಡುಕಿದ್ದಲ್ಲ, ಊರೇ ಕೊಟ್ಟದ್ದು ಎಂದು ನಾನು ಈಗಲೂ ನಂಬಿದ್ದೇನೆ.

ಒಂದೇ ಲೆನ್ಸ್‌ನಲ್ಲಿ ಚಿತ್ರ ತೆಗೆಯಬೇಕೆಂದು ಹಟ ಹಿಡಿದವನು ನಾನು. ಇದಕ್ಕೆ ಪ್ರೇರಣೆ ಇಟಲಿಯ ನಿರ್ದೇಶಕ ಲೂಕಾ ಗ್ವಾಡನಿನೊ ಅವರ ‘ಕಾಲ್ ಮಿ ಬೈ ಯುವರ್ ನೇಮ್’. 1983ರ ಬೇಸಿಗೆಯಲ್ಲಿ ನಡೆಯುವ ಆ ಪ್ರೇಮಕಥೆಯನ್ನು 2016ರ ಬೇಸಿಗೆಯಲ್ಲಿ ಉತ್ತರ ಇಟಲಿಯ ಕ್ರೇಮಾ ಪಟ್ಟಣದ ಸುತ್ತಮುತ್ತ ಚಿತ್ರೀಕರಿಸಲಾಯಿತು. ಥಾಯ್ಲೆಂಡಿನ ಛಾಯಾಗ್ರಾಹಕ ಸಯೊಂಬು ಮುಕ್‌ದೀಪ್ರೋಮ್ ಇಡೀ ಚಿತ್ರವನ್ನು 35 ಮಿ.ಮೀ.ಯ ಒಂದೇ ಲೆನ್ಸ್‌ನಲ್ಲಿ, ಫಿಲ್ಮ್ ರೀಲಿನ ಮೇಲೆ ಸೆರೆಹಿಡಿದರು. ಆ ಲೆನ್ಸ್ ಹೆಚ್ಚುಕಡಿಮೆ ಮನುಷ್ಯ ನಿಂತು ನೋಡುವ ರೀತಿಯಲ್ಲಿಯೇ ನೋಡುತ್ತದೆ. ದೂರದ ಮುಖವನ್ನು ಹತ್ತಿರಕ್ಕೆ ಎಳೆದು ತೋರಿಸುವುದಿಲ್ಲ. ಮುಖ ದೊಡ್ಡದಾಗಿ ಬೇಕೆಂದರೆ ಕ್ಯಾಮೆರಾ ಹೊತ್ತವನು ಅಲ್ಲಿಗೆ ನಡೆದುಹೋಗಬೇಕು. ಹಂಬಲದ ಚಿತ್ರಕ್ಕೆ ಇದಕ್ಕಿಂತ ಸರಿಯಾದ ಶಿಸ್ತು ಇಲ್ಲ. ಓಣಿಯಾಚೆಯ ಹುಡುಗಿ ಹುಡುಗನಿಗೆ ಎಷ್ಟು ದೂರವೋ ನೋಡುವವರಿಗೂ ಅಷ್ಟೇ ದೂರವಿರಬೇಕು. ಜೂಮ್ ಮಾಡಿ ಅವಳ ಕಣ್ರೆಪ್ಪೆಯನ್ನು ತೋರಿಸಿಬಿಟ್ಟರೆ ಹುಡುಗನಿಗೆ ದಕ್ಕದ್ದನ್ನು ಪ್ರೇಕ್ಷಕನಿಗೆ ಕೊಟ್ಟಂತಾಗುತ್ತದೆ, ಆಮೇಲೆ ಅವನ ಜೊತೆ ಹಂಬಲಿಸುವುದಕ್ಕೆ ಪ್ರೇಕ್ಷಕನಿಗೆ ಕಾರಣ ಉಳಿಯುವುದಿಲ್ಲ. ಮದುವೆ ಮಂಟಪದ ಗಡಿಬಿಡಿಯಲ್ಲಿ ಜೂಮ್ ಲೆನ್ಸ್ ಇಲ್ಲದೆ ಕೆಲಸವೇ ಮಾಡದ ಗೆಳೆಯ ಮೊದಲಿಗೆ ಒಪ್ಪಲಿಲ್ಲ. ಒಂದು ಸಂಜೆ ಎರಡೂ ರೀತಿಯಲ್ಲಿ ತೆಗೆದು, ಎರಡನ್ನೂ ಗೋಡೆಯ ಮೇಲೆ ದೊಡ್ಡದಾಗಿ ಹಾಕಿ ನೋಡಿದ ಮೇಲೆ, ತನ್ನ ಜೂಮ್ ಲೆನ್ಸನ್ನು ತಾನೇ ಚೀಲದೊಳಗಿಟ್ಟ.

ದುರ್ಗದ ಬೇಸಿಗೆಯ ಬೆಳಕು ಕ್ಯಾಮೆರಾಕ್ಕೆ ಸುಲಭವಾದದ್ದಲ್ಲ. ನಮ್ಮ ಊರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ, ಮಧ್ಯಾಹ್ನ 12.20ರ ಆಸುಪಾಸಿನಲ್ಲಿ ನೆಟ್ಟಗೆ ನಿಂತವನ ನೆರಳು ಅವನ ಪಾದದಡಿಯಲ್ಲಿಯೇ ಅಡಗಿಬಿಡುತ್ತದೆ. ಶೂನ್ಯ ನೆರಳಿನ ದಿನವೆಂದು ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುತ್ತಾರಲ್ಲ, ಅದೇ. ಇಂಥ ಬೆಳಕಿನಲ್ಲಿ ಮುಖ ತೆಗೆದರೆ ಹುಬ್ಬಿನ ನೆರಳು ಕಣ್ಣಿನ ಗುಳಿಯನ್ನೆಲ್ಲ ತುಂಬಿ, ನಟನ ನೋಟವೇ ಕಾಣದಂತಾಗುತ್ತದೆ. ಹೀಗಾಗಿ ಬಹಳ ಜನ ನಡುಹಗಲಿನಲ್ಲಿ ಚಿತ್ರೀಕರಣ ನಿಲ್ಲಿಸಿ ಊಟಕ್ಕೆ ಹೋಗುತ್ತಾರೆ. ನಾವು ಹಾಗೆ ಮಾಡುವಂತಿರಲಿಲ್ಲ, ಏಕೆಂದರೆ ಸಂಡಿಗೆ ಒಣಗುವುದು ನಡುಹಗಲಿನಲ್ಲಿಯೇ. ಅದೃಷ್ಟಕ್ಕೆ ಹಳೆಯ ಮಾಳಿಗೆಗೆ ಆ ವರ್ಷ ಸುಣ್ಣ ಬಳಿದಿದ್ದರು. ನೆಲದ ಬಿಳುಪು ಬೆಳಕನ್ನು ಕೆಳಗಿನಿಂದ ಮುಖಕ್ಕೆ ಎತ್ತಿಕೊಡುತ್ತಿತ್ತು. ಸಾಲದಾದಾಗ ಕ್ಯಾಮೆರಾದ ಪಕ್ಕದಲ್ಲಿ ಇಬ್ಬರು ಬಿಳಿ ಪಂಚೆಯನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತಿದ್ದರು. ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ, ಶಟರ್ ಅನ್ನು 50ರಲ್ಲಿ ಒಂದು ಸೆಕೆಂಡಿಗೆ ಇಟ್ಟುಕೊಂಡು, ಅಷ್ಟು ಉರಿಬಿಸಿಲಿನಲ್ಲಿ ತೆಗೆಯಬೇಕಾದರೆ ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕದೆ ಗತ್ಯಂತರವಿಲ್ಲ. ಆ ಕಪ್ಪು ಗಾಜಿನ ಒಂದು ಉಪಕಾರವೆಂದರೆ, ಹುಡುಗನ ಮುಖದ ಹಿಂದಿನ ಊರೆಲ್ಲ ಮೆದುವಾಗಿ, ಬಿಸಿಲಿಗೆ ನಡುಗುವ ಗಾಳಿಯೊಂದೇ ಕಾಣುವಂತೆ ಮಾಡಿದ್ದು.

ನೆರಳು ಮಾಯವಾಗುವ ಆ ಗಳಿಗೆಯನ್ನೂ ಕಥೆಗೆ ಸೇರಿಸಿಕೊಂಡೆವು. ಹುಡುಗಿ ತನ್ನ ಮಾಳಿಗೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿಕೊಳ್ಳುತ್ತಾಳೆ, ಅವನೂ ನೋಡಿಕೊಳ್ಳುತ್ತಾನೆ. ಇಬ್ಬರ ನೆರಳೂ ಇಲ್ಲ. ಅವಳು ನಗುತ್ತಾಳೆ. ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಗಳಿಗೆಯಲ್ಲಿ ಗಮನಿಸಿದರು ಎಂಬುದಿಷ್ಟೇ ಆ ದೃಶ್ಯ. ನನ್ನ ತಿಳಿವಳಿಕೆಯಲ್ಲಿ ಮೊದಲ ಪ್ರೇಮದ ಸುಖದ ತುತ್ತತುದಿ ಅದೇ.

ಬೇಸಿಗೆಯ ಇನ್ನೊಂದು ಸಂಗತಿ ಬಂಡೆಯ ಕಾವು. ಹಗಲೆಲ್ಲ ಬಿಸಿಲು ಕುಡಿದ ಕಲ್ಲಿನ ಬೆಟ್ಟ ರಾತ್ರಿ ಬಹಳ ಹೊತ್ತಿನವರೆಗೆ ಆ ಕಾವನ್ನು ಊರಿಗೆ ಮರಳಿಸುತ್ತಿರುತ್ತದೆ. ಅದಕ್ಕಾಗಿಯೇ ಇಲ್ಲಿ ಸಂಜೆ ಮಾಳಿಗೆಗೆ ಕೊಡಗಟ್ಟಲೆ ನೀರು ಎರಚಿ, ತಂಪಾದ ಮೇಲೆ ಹಾಸಿಗೆ ಹಾಸುವುದು ರೂಢಿ. ಎರಡು ಮಾಳಿಗೆಗಳಲ್ಲಿ ಇಬ್ಬರೂ ಒಂದೇ ಹೊತ್ತಿಗೆ ನೀರು ಎರಚುವ ದೃಶ್ಯವನ್ನು ಬರೆದಾಗ ಅದು ಒಂದು ಸಾಲು ಮಾತ್ರ. ಚಿತ್ರೀಕರಿಸುವಾಗ ಅದು ಚಿತ್ರದ ಹೃದಯವಾಯಿತು. ಒದ್ದೆ ನೆಲದ ಮೇಲೆ ಬರಿಗಾಲು, ಮೇಲೇಳುವ ಹಬೆ, ಕೊಡದ ಸದ್ದು, ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರೂ ನಿಲ್ಲಿಸುವುದು, ಮತ್ತೆ ಒಟ್ಟಿಗೇ ಶುರು ಮಾಡುವುದು. ಮಾತಿಲ್ಲದೆ ನಡೆದ ಆ ಸಂಭಾಷಣೆಯನ್ನು ನಾನು ಕಾಗದದ ಮೇಲೆ ಎಂದಿಗೂ ಬರೆಯಲಾರೆ.

ಈ ದೃಶ್ಯವನ್ನು ನಿಧಾನಗತಿಯಲ್ಲಿ ತೆಗೆಯೋಣವೆಂಬ ಸಲಹೆ ಬಂತು. ‘ನಾಗರಹಾವಿ’ನ ಒಂದು ಪ್ರೇಮಗೀತೆಯನ್ನು ಆ ಕಾಲದಲ್ಲಿಯೇ ನಿಧಾನಗತಿಯಲ್ಲಿ ಚಿತ್ರೀಕರಿಸಿ ಪುಟ್ಟಣ್ಣ ಪ್ರೇಕ್ಷಕರನ್ನು ಬೆರಗುಗೊಳಿಸಿದ್ದರು, ಈ ಊರಿನ ಬೆಟ್ಟಕ್ಕೆ ಆ ನೆನಪು ಅಂಟಿಕೊಂಡಿದೆ. ಸೆಕೆಂಡಿಗೆ 48 ಚೌಕಟ್ಟು ತೆಗೆದು 24ರಂತೆ ತೋರಿಸಿದರೆ ಕಾಲ ಎರಡು ಪಟ್ಟು ಹಿಗ್ಗುತ್ತದೆ. ಆದರೆ ಹಾಗೆ ಹಿಗ್ಗಿದ ಕಾಲ ಸಂಭ್ರಮದ್ದು, ಕನಸಿನದು. ಕಾಯುವವನ ಕಾಲ ಬೇರೆ. ಕಾಯುವಾಗ ಕಾಗೆ ತನ್ನ ವೇಗದಲ್ಲಿಯೇ ಹಾರುತ್ತದೆ, ಫ್ಯಾನು ತನ್ನ ವೇಗದಲ್ಲಿಯೇ ತಿರುಗುತ್ತದೆ. ಬರಬೇಕಾದವರು ಮಾತ್ರ ಬರುವುದಿಲ್ಲ. ಎಲ್ಲವೂ ತನ್ನ ಸಹಜ ವೇಗದಲ್ಲಿದ್ದು ದೃಶ್ಯ ಮಾತ್ರ ಮುಗಿಯದೆ ಉಳಿಯಬೇಕು. ಹಾಗಾಗಿ ಚಿತ್ರದಲ್ಲಿ ಎಲ್ಲಿಯೂ ನಿಧಾನಗತಿ ಬಳಸಲಿಲ್ಲ.

ನಟರ ವಿಷಯಕ್ಕೆ ಬರುತ್ತೇನೆ. ಇಬ್ಬರೂ ರಂಗಭೂಮಿಯಿಂದ ಬಂದವರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಚಟುವಟಿಕೆಗಳಿಂದಾಗಿ ನಮ್ಮ ಜಿಲ್ಲೆಯಲ್ಲಿ ಹಳ್ಳಿಹಳ್ಳಿಗಳಲ್ಲಿ ನಟನೆ ಬಲ್ಲ ಯುವಕ ಯುವತಿಯರು ಸಿಗುತ್ತಾರೆ. ಇದು ನಮ್ಮ ಭಾಗ್ಯ. ಆದರೆ ರಂಗದ ಮೇಲೆ ಕಲಿಯುವ ಮೊದಲ ಪಾಠವೇ ಕೊನೆಯ ಸಾಲಿನ ಪ್ರೇಕ್ಷಕನಿಗೆ ಎಲ್ಲವೂ ತಲುಪಬೇಕೆಂಬುದು. ಕ್ಯಾಮೆರಾ ಕುಳಿತಿರುವುದು ಮಾರು ದೂರದಲ್ಲಿ. ಪ್ರೇಮವನ್ನು ತೋರಿಸಲು ಹೊರಟರೆ ಅದು ಕ್ಯಾಮೆರಾದಲ್ಲಿ ಹತ್ತು ಪಟ್ಟಾಗಿ ಕಾಣುತ್ತದೆ. ತಾಲೀಮಿನಲ್ಲಿ ನಾನು ಅವರಿಗೆ ಭಾವವನ್ನು ವಿವರಿಸುವುದನ್ನೇ ಬಿಟ್ಟೆ, ಕೆಲಸಗಳನ್ನು ಮಾತ್ರ ಕೊಡುತ್ತ ಹೋದೆ. ಹುಡುಗಿಗೆ ಹನಿ ಹಾಕುವ ಕೆಲಸವನ್ನು ಸರಿಯಾಗಿ ಕಲಿಸಿದೆವು: ಕೈ ತೊಳೆಯುವುದು, ಅಜ್ಜಿಯ ತಲೆಯನ್ನು ಹಿಂದಕ್ಕೆ ವಾಲಿಸುವುದು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆಯುವುದು, ಸೀಸೆಯ ತುದಿ ಕಣ್ಣಿಗೆ ತಾಗದಂತೆ ಒಂದೇ ಹನಿ ಬಿಡುವುದು, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿಹಿಡಿದು ಸ್ವಲ್ಪ ಹೊತ್ತು ಕಾಯುವುದು. ಅಜ್ಜಿ ಕಣ್ಣು ಮುಚ್ಚಿ ಮಲಗಿರುವ ಆ ಸ್ವಲ್ಪ ಹೊತ್ತಿನಲ್ಲಿ ಮೊಮ್ಮಗಳು ತಲೆಯೆತ್ತಿ ಓಣಿಯಾಚೆ ನೋಡುತ್ತಾಳೆ. ಬೆರಳು ಕೆಲಸದಲ್ಲಿದೆ, ಕಣ್ಣು ಬಿಡುವಾಗಿದೆ. ಭಾವ ಅಲ್ಲಿ ತಾನಾಗಿ ಬಂತು. ಅಜ್ಜಿಯ ಪಾತ್ರ ಮಾಡಿದವರು ಕ್ಯಾಮೆರಾ ಎಂದೂ ಕಾಣದ ನಮ್ಮ ಓಣಿಯ ಹಿರಿಯರು. ಅವರಿಗೆ ಮೊಮ್ಮಗಳು ಎತ್ತ ನೋಡುತ್ತಿದ್ದಾಳೆಂದು ಗೊತ್ತು, ಗೊತ್ತಿಲ್ಲದಂತೆ ಇರುತ್ತಾರೆ, ಎಂದಷ್ಟೇ ಹೇಳಿದ್ದೆ. ಚಿತ್ರದ ಅತ್ಯಂತ ಸೂಕ್ಷ್ಮ ಅಭಿನಯ ಅವರದು ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಎರಡು ಮಾಳಿಗೆಗಳ ನಡುವೆ ನೋಟ ಹೊಂದಿಸುವುದು ನಿಜಕ್ಕೂ ತಾಳ್ಮೆಯ ಕೆಲಸ. ಇಬ್ಬರ ನಡುವೆ ಒಂದು ಗೆರೆ ಎಳೆದುಕೊಂಡರೆ, ಕ್ಯಾಮೆರಾ ಯಾವಾಗಲೂ ಆ ಗೆರೆಯ ಒಂದೇ ಬದಿಯಲ್ಲಿರಬೇಕು. ದಾಟಿದರೆ ತೆರೆಯ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಂಡು, ಒಬ್ಬರನ್ನೊಬ್ಬರು ನೋಡುತ್ತಿದ್ದಾರೆಂಬ ನಂಬಿಕೆಯೇ ಮುರಿಯುತ್ತದೆ. ಹುಡುಗನನ್ನು ತೆಗೆಯುವಾಗ ಹುಡುಗಿ ತನ್ನ ಮಾಳಿಗೆಯ ಮೇಲೆ ನಿಜವಾಗಿಯೂ ಇರಬೇಕೆಂದು ನಿಯಮ ಮಾಡಿಕೊಂಡಿದ್ದೆವು. ಅವಳು ಚೌಕಟ್ಟಿನಲ್ಲಿ ಇರುತ್ತಿರಲಿಲ್ಲ, ಆದರೂ ಬಿಸಿಲಿನಲ್ಲಿ ನಿಲ್ಲುತ್ತಿದ್ದಳು. ಅವಳ ಶಾಟ್ ಇದ್ದಾಗ ಅವನೂ ಹಾಗೆಯೇ ನಿಲ್ಲುತ್ತಿದ್ದ. ಖಾಲಿ ಗೋಡೆಯನ್ನು ನೋಡುವ ಕಣ್ಣಿಗೂ ಮನುಷ್ಯರನ್ನು ನೋಡುವ ಕಣ್ಣಿಗೂ ಇರುವ ವ್ಯತ್ಯಾಸವನ್ನು ಕ್ಯಾಮೆರಾ ತಪ್ಪದೆ ಹಿಡಿಯುತ್ತದೆ.

ಧ್ವನಿಗೆ ಡಬ್ಬಿಂಗ್ ಬೇಡ, ಸ್ಥಳದಲ್ಲಿಯೇ ದಾಖಲಿಸೋಣ ಎಂಬುದು ಮೊದಲಿನಿಂದಲೂ ಇದ್ದ ತೀರ್ಮಾನ. ಮಾತೇ ಕಡಿಮೆಯಿರುವ ಚಿತ್ರದಲ್ಲಿ ಉಸಿರಾಟವೇ ಮಾತು; ಅದನ್ನು ಆಮೇಲೆ ಕೋಣೆಯಲ್ಲಿ ಕುಳಿತು ಸೇರಿಸಲಾಗದು. ಬೇಸಿಗೆಯ ಊರಿನ ಸದ್ದುಗಳು ಸಮೃದ್ಧವಾಗಿದ್ದವು: ಕೋಗಿಲೆ, ಕುಕ್ಕರಿನ ಸೀಟಿ, ಐಸ್‌ಕ್ಯಾಂಡಿ ಗಾಡಿಯ ಗಂಟೆ, ದೂರದ ಹೆದ್ದಾರಿಯ ಲಾರಿಗಳು. ಪ್ರತಿ ಜಾಗದಲ್ಲಿಯೂ ಎಲ್ಲರೂ ಮೌನವಾಗಿ ನಿಂತು ಒಂದೆರಡು ನಿಮಿಷ ಬರಿಯ ಅಲ್ಲಿನ ನಿಶ್ಶಬ್ದವನ್ನು ದಾಖಲಿಸಿಕೊಳ್ಳುತ್ತಿದ್ದೆವು. ಸಂಕಲನದಲ್ಲಿ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಸದ್ದು ಕತ್ತರಿಸಿದಂತೆ ಆಗದಿರಲು ಇದು ಬೇಕು. ತೊಂದರೆ ಕೊಟ್ಟದ್ದು ಗಾಳಿ. ಮೇ ತಿಂಗಳು ಮುಗಿಯುತ್ತ ಬಂದಂತೆ ಪಶ್ಚಿಮದ ಗಾಳಿ ಬಲವಾಗಿ, ಊರಿನ ಸುತ್ತಲ ಗುಡ್ಡಗಳ ಗಾಳಿಯಂತ್ರಗಳು ರಭಸದಿಂದ ತಿರುಗತೊಡಗುತ್ತವೆ. ಮೈಕಿಗೆ ತುಪ್ಪಳದ ಹೊದಿಕೆ ಹಾಕಿದರೂ ಗಾಳಿಯ ಗುಮ್ಮೆನ್ನುವ ಸದ್ದು ಒಳನುಗ್ಗುತ್ತಿತ್ತು. ಕೊನೆಯ ವಾರದ ಕಥೆಯ ದೃಶ್ಯಗಳಿಗೆ ಅದನ್ನು ಹಾಗೆಯೇ ಉಳಿಸಿಕೊಂಡೆವು. ಬೇಸಿಗೆ ಮುಗಿಯುತ್ತಿದೆ ಎಂದು ದುರ್ಗದವರಿಗೆ ಹೇಳುವುದು ಆ ಗಾಳಿಯೇ ಅಲ್ಲವೇ.

ಸಂಗೀತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಜ್ಜಿಯ ರೇಡಿಯೊದಲ್ಲಿ ಹಳೆಯ ಚಿತ್ರಗೀತೆ ಕೇಳಿಸಬೇಕೆಂಬ ಆಸೆಯಿತ್ತು, ಹಕ್ಕುಗಳ ವೆಚ್ಚ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಬದಲಿಗೆ ಅಜ್ಜಿಯ ಪಾತ್ರಧಾರಿಯೇ ತಮಗೆ ಬರುತ್ತಿದ್ದ ಸೋಬಾನೆ ಪದವೊಂದನ್ನು ಕಣ್ಣು ಮುಚ್ಚಿಕೊಂಡು ಗುನುಗಿದರು.

ಚಿತ್ರೀಕರಣದ ನಡುವೆ ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ, ಧೂಳೆದ್ದು, ಆಲಿಕಲ್ಲು ಸಹಿತ ಅಡ್ಡಮಳೆ ಸುರಿಯಿತು. ಕ್ರೇಮಾದಲ್ಲಿ ಆ ಇಟಲಿಯ ಚಿತ್ರ ತೆಗೆಯುವಾಗಲೂ ಮಳೆ ಬಿಡದೆ ಕಾಡಿತ್ತು, ತೆರೆಯ ಮೇಲೆ ನಾವು ಕಾಣುವ ಆ ಬಿಸಿಲಿನಲ್ಲಿ ಬಹಳಷ್ಟನ್ನು ಛಾಯಾಗ್ರಾಹಕರು ದೀಪಗಳಿಂದ ಸೃಷ್ಟಿಸಬೇಕಾಗಿತ್ತು. ನಮ್ಮಲ್ಲಿ ಅಂಥ ದೀಪಗಳಿರಲಿಲ್ಲ. ಕ್ಯಾಮೆರಾಕ್ಕೆ ಕೊಡೆ ಹಿಡಿದು, ಮಳೆಯನ್ನೇ ಕಥೆಗೆ ಬರಮಾಡಿಕೊಂಡೆವು. ಹುಡುಗ ಸಂಡಿಗೆಯ ಚಾಪೆಯನ್ನು ಮಡಚಲು ಓಡುತ್ತಾನೆ. ಹುಡುಗಿ ತನ್ನ ಮಾಳಿಗೆಯ ಬಟ್ಟೆಗಳನ್ನು ಎಳೆದುಕೊಳ್ಳಲು ಓಡುತ್ತಾಳೆ. ಎರಡೂ ಕೆಲಸ ಮುಗಿದ ಮೇಲೂ ಇಬ್ಬರೂ ಕೆಳಗಿಳಿಯುವುದಿಲ್ಲ. ಅವರ ನಡುವೆ ಬೀಳುವ ಮಳೆಯಲ್ಲಿ ಮುಖಗಳು ಅಸ್ಪಷ್ಟವಾಗುತ್ತವೆ. ಕರೆಂಟು ಹೋಗಿ ಓಣಿಯ ಫ್ಯಾನುಗಳು, ಟಿ.ವಿ.ಗಳು ಒಮ್ಮೆಗೇ ನಿಂತಾಗ ಉಳಿದದ್ದು ಮಳೆಯ ಸದ್ದೊಂದೇ. ಆ ದಿನದ ದಾಖಲೆಯಲ್ಲಿ ಹುಡುಗಿಯೊಬ್ಬಳೇ ಆಡಿದ ಒಂದು ಮಾತಿದೆ, ಅದು ಚಿತ್ರಕಥೆಯಲ್ಲಿ ಇರಲಿಲ್ಲ: “ಒದ್ದಿ ಆಗ್ತೀರಿ ನೋಡ್ರಿ.” ಹುಬ್ಬಳ್ಳಿಯ ಆ ಗೌರವದ ಬಹುವಚನದಲ್ಲಿ ಇದ್ದ ಅಕ್ಕರೆಯನ್ನು ನಾನು ಬರೆದು ತರಲಾರದವನಾಗಿದ್ದೆ. ಅದನ್ನು ಹಾಗೆಯೇ ಇಟ್ಟುಕೊಂಡೆವು.

ಅವಳು ಹೊರಡುವ ದೃಶ್ಯಕ್ಕೆ ಮೊದಲು ಚಿಕ್ಕಜಾಜೂರಿನ ರೈಲು ನಿಲ್ದಾಣವನ್ನು ಯೋಚಿಸಿದ್ದೆವು. ರೈಲು, ಕಿಟಕಿ, ಓಡುವ ಹುಡುಗ. ಇದನ್ನು ನಾವೆಲ್ಲ ಎಷ್ಟು ಚಿತ್ರಗಳಲ್ಲಿ ನೋಡಿಲ್ಲ. ಕೊನೆಗೆ ಬೀಳ್ಕೊಡುಗೆಯ ದೃಶ್ಯವನ್ನೇ ತೆಗೆಯಲಿಲ್ಲ. ಹನಿ ದಿನಕ್ಕೊಂದಕ್ಕೆ ಇಳಿದಿದೆ. ಒಂದು ಬೆಳಗ್ಗೆ ಹುಡುಗ ಮಾಳಿಗೆಗೆ ಬಂದಾಗ ಅಜ್ಜಿ ಒಬ್ಬರೇ ಬಿಸಿಲು ಕಾಯಿಸುತ್ತ ಕುಳಿತಿದ್ದಾರೆ, ಕಪ್ಪು ಕನ್ನಡಕ ಇಲ್ಲ. ಅವರು ಅವನನ್ನು ದಿಟ್ಟಿಸಿ ನೋಡುತ್ತಾರೆ. ಚಿತ್ರದಲ್ಲಿ ಅವರು ಅವನನ್ನು ಸ್ಪಷ್ಟವಾಗಿ ಕಾಣುವುದು ಅದೇ ಮೊದಲು. “ರಾತ್ರಿ ಬಸ್ಸಿಗೆ ಹೋದಳಪ್ಪ” ಎನ್ನುತ್ತಾರೆ. ಅವನು ತಲೆಯಾಡಿಸಿ ಅಲ್ಲಿಯೇ ಕೂರುತ್ತಾನೆ. ಸಂಡಿಗೆ ಕಾಲ ಮುಗಿದಿದೆ, ಮಾಳಿಗೆಯ ಮೇಲೆ ಕಾಯುವುದಕ್ಕೆ ಏನೂ ಇಲ್ಲ, ಆದರೂ ಕೋಲು ಕೈಯಲ್ಲಿದೆ.

ಆ ಕೊನೆಯ ಶಾಟ್ ಸಂಕಲನದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಹುಡುಗ ಕೂತಿರುವುದನ್ನು ನಾವು ನಿಲ್ಲಿಸದೆ ಬಹಳ ಹೊತ್ತು ತೆಗೆದಿದ್ದೆವು. ಅವನು ಅಳುವುದಿಲ್ಲ. ಒಮ್ಮೆ ಎದುರು ಮಾಳಿಗೆಯನ್ನು ನೋಡುತ್ತಾನೆ, ಒಮ್ಮೆ ನೆಲವನ್ನು, ಒಂದು ಕಾಗೆ ಬಂದು ಗೋಡೆಯ ಮೇಲೆ ಕೂತರೆ ಅಭ್ಯಾಸಬಲದಿಂದ ಕೋಲು ಅರ್ಧ ಎತ್ತಿ ಇಳಿಸುತ್ತಾನೆ. ಸಂಕಲನಕಾರರು ದಾವಣಗೆರೆಯವರು, ಅನುಭವಿ. ಕಾಗೆಯ ಕ್ಷಣವೇ ಮುಕ್ತಾಯ, ಅಲ್ಲಿಗೆ ಕತ್ತರಿಸಿದರೆ ಪೆಟ್ಟು ಸರಿಯಾಗಿ ಬೀಳುತ್ತದೆ ಎಂಬುದು ಅವರ ವಾದ. ಅದರಲ್ಲಿ ಹುರುಳಿತ್ತು. ನನ್ನ ವಾದ, ಪೆಟ್ಟು ಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನು ತೋರಿಸಲು ನಾವು ಇಷ್ಟು ಕಾಲ ಬಿಸಿಲಲ್ಲಿ ನಿಂತದ್ದು ಎಂಬುದು. ಗ್ವಾಡನಿನೊ ಅವರ ಚಿತ್ರವೂ ಮುಗಿಯುವುದು ಬೆಂಕಿಗೂಡಿನ ಮುಂದೆ ಕುಳಿತ ಹುಡುಗನ ಮುಖದ ಮೇಲೆ, ಹೆಸರುಗಳು ಹಾದುಹೋಗುತ್ತಿದ್ದರೂ ಕ್ಯಾಮೆರಾ ಕದಲದೆ. ಅಲ್ಲಿ ಕಣ್ಣೀರಿದೆ, ಬೆಂಕಿಯಿದೆ. ನಮ್ಮಲ್ಲಿ ಇರುವುದು ಹಗಲು ಮಾತ್ರ. ಹಂಬಲದ ಚಿತ್ರವನ್ನು ಹಂಬಲ ಮುಗಿಯುವ ಮೊದಲೇ ಮುಗಿಸಿದರೆ ಅದು ಘಟನೆಯ ಚಿತ್ರವಾಗುತ್ತದೆ ಎಂದು ನಾನು ಮತ್ತೆ ಮತ್ತೆ ಹೇಳಿದೆ. ಇತ್ಯರ್ಥವಾಗದೆ, ಎರಡೂ ಆವೃತ್ತಿಗಳನ್ನು ಜನರ ಮುಂದಿಟ್ಟು ನೋಡುವುದೆಂದು ಒಪ್ಪಿಕೊಂಡೆವು.

ಒಂದು ಆವೃತ್ತಿಯನ್ನು ಕಾಲೇಜು ವಿದ್ಯಾರ್ಥಿಗಳಿಗೂ, ಇನ್ನೊಂದನ್ನು ಓಣಿಯ ಕುಟುಂಬಗಳಿಗೂ ತೋರಿಸಿ, ಬೇರೊಂದು ದಿನ ಅದಲುಬದಲು ಮಾಡಿದೆವು. ಚಿಕ್ಕ ಆವೃತ್ತಿಗೆ ವಿದ್ಯಾರ್ಥಿಗಳಿಂದ ಜೋರು ಚಪ್ಪಾಳೆ ಬಂತು. ಉದ್ದನೆಯದಕ್ಕೆ ಚಪ್ಪಾಳೆ ತಡವಾಗಿ, ಬಿಡಿಬಿಡಿಯಾಗಿ ಬಂತು. ಕಾಗೆ ಹಾರಿಹೋದ ಮೇಲೆ ಕೆಲವರು ಮೊಬೈಲು ತೆಗೆದದ್ದನ್ನೂ ನಾನು ನೋಡಿದೆ. ಆದರೆ ಆಮೇಲೆ ನಮ್ಮ ಬಳಿ ಬಂದು ಮಾತಾಡಿದವರು, ತಮ್ಮ ತಮ್ಮ ಬೇಸಿಗೆಗಳನ್ನು ಹೇಳಿಕೊಂಡವರು, ಹೆಚ್ಚಾಗಿ ಉದ್ದನೆಯದನ್ನು ನೋಡಿದವರೇ. ಅಜ್ಜಿಯ ಪಾತ್ರ ಮಾಡಿದ ಹಿರಿಯರನ್ನು ಸಂಕಲನಕಾರರೇ ಕೇಳಿದರು, ಯಾವುದು ಇರಲಿ ಎಂದು. “ಅವನು ಏಳೋ ತನಕ ಇರಲಿ” ಎಂದರು ಅವರು. ಹುಡುಗ ಎದ್ದು ಚಾಪೆ ಸುತ್ತಿಕೊಂಡು ಕೆಳಗಿಳಿಯುವವರೆಗಿನ ಭಾಗ ನಾವು ತೆಗೆದದ್ದರಲ್ಲಿ ಇತ್ತು, ನನ್ನ ಆವೃತ್ತಿಯಲ್ಲಿ ಕೂಡ ಅದನ್ನು ಬಳಸಿರಲಿಲ್ಲ. ಸಂಕಲನಕಾರರು ಅದೇ ರಾತ್ರಿ ಆ ಭಾಗವನ್ನೂ ಸೇರಿಸಿ, ಗಾಳಿಯ ಸದ್ದನ್ನು ಅಲ್ಲಿಯವರೆಗೆ ಹೊಂದಿಸಿ, ಪ್ರತಿಯನ್ನು ಬಣ್ಣ ತಿದ್ದುವವರಿಗೆ ಕಳಿಸಿಕೊಟ್ಟರು.